ಬಾಲ್ಕನಿಯಲ್ಲಿ ಬೀಡಿ ಸೇದಬೇಡಿ ಅನ್ನಲು ಸಂಘಕ್ಕೆ ಹಕ್ಕಿದೆಯಾ?

ಓದುಗರ ಪ್ರಶ್ನೆ: ನಾವು ಬೆಂಗಳೂರಿನ ಕನಕಪುರ ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ನಮ್ಮ ಮಾವನವರಿಗೆ 72 ವರ್ಷ. ಹುಣಸೂರು ಕಡೆಯವರು, ಹೊಗೆಸೊಪ್ಪು ಬೆಳೆದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ. ದಿನಕ್ಕೆ ಎಂಟು-ಹತ್ತು ಬೀಡಿ ಬೇಕು, ಬಾಲ್ಕನಿಯಲ್ಲಿ ಕೂತು ಸೇದುತ್ತಿದ್ದರು. ಮೇಲಿನ ಮನೆಯ ಆರು ವರ್ಷದ ಮಗುವಿಗೆ ಆಸ್ತಮಾ ಇದೆ. ಅವರು ದೂರು ಕೊಟ್ಟರು. ಈಗ ಸಂಘದವರು ಬಾಲ್ಕನಿಯೂ ಸೇರಿ ಇಡೀ ಕಟ್ಟಡದಲ್ಲಿ ಧೂಮಪಾನ ನಿಷೇಧ, ಸೇದಿದರೆ 5000 ರೂಪಾಯಿ ದಂಡ ಎಂದು ಲಿಫ್ಟಿನಲ್ಲಿ ನೋಟಿಸ್ ಅಂಟಿಸಿದ್ದಾರೆ. ಮಾವನಿಗೆ ಸಿಟ್ಟು. ‘ಅವರ ಮನೆ ಒಗ್ಗರಣೆ ಘಾಟು ನಮ್ಮನೆಗೆ ಬರಲ್ವಾ? ನಾನು ಬೆಳೆದ ಸೊಪ್ಪನ್ನ ಸರ್ಕಾರವೇ ಹರಾಜು ಹಾಕಿಸ್ತು. ಸೇದಿದ್ರೆ ಮಾತ್ರ ದಂಡನಾ?’ ಅಂತಾರೆ. ಒಂದು ವಾರದಿಂದ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಸೇದುತ್ತಿದ್ದಾರೆ. ನನಗೂ ಎಂಟು ವರ್ಷದ ಮಗಳಿದ್ದಾಳೆ. ಮೇಲಿನ ಮಗುವಿಗೆ ನಿಜಕ್ಕೂ ಅಷ್ಟು ತೊಂದರೆ ಆಗುತ್ತಾ? ಸ್ವಂತ ಮನೆಯಲ್ಲಿ ಸೇದಬಾರದು ಅಂತ ಯಾರಾದರೂ ಹೇಳಬಹುದಾ? ನಾನು ಯಾರ ಕಡೆ ನಿಲ್ಲಲಿ?

ಶ್ವಾಸಕೋಶ ತಜ್ಞರ ಉತ್ತರ:

ದಂಡದ ವಿಷಯ ಆಮೇಲೆ ನೋಡೋಣ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಬಾತ್‌ರೂಮಿನ ಸಂಗತಿ ಇದೆಯಲ್ಲ, ಅದು ಇವತ್ತೇ ನಿಲ್ಲಬೇಕು.

ಅಪಾರ್ಟ್‌ಮೆಂಟುಗಳಲ್ಲಿ ಒಂದರ ಮೇಲೊಂದು ಇರುವ ಬಾತ್‌ರೂಮುಗಳ ಕಿಟಕಿಗಳು ಸಾಮಾನ್ಯವಾಗಿ ಒಂದೇ ಡಕ್ಟಿಗೆ ತೆರೆದುಕೊಳ್ಳುತ್ತವೆ. ನೀರಿನ ಪೈಪು, ಡ್ರೈನೇಜ್ ಪೈಪು ಇಳಿಯುವ ಆ ಇಕ್ಕಟ್ಟಿನ ಜಾಗದಲ್ಲಿ ನಾಲ್ಕೂ ಕಡೆ ಗೋಡೆ. ಗಾಳಿ ಆಡುವುದಿಲ್ಲ. ಬಿಸಿ ಹೊಗೆ ಅದರೊಳಗೆ ನೆಟ್ಟಗೆ ಮೇಲೇರುತ್ತದೆ. ಮೇಲಿನ ಮನೆಯವರ ಎಕ್ಸಾಸ್ಟ್ ಫ್ಯಾನ್ ಆಫ್ ಆಗಿದ್ದರೆ ರೆಕ್ಕೆಗಳ ಸಂದಿನಿಂದ ಅವರ ಬಾತ್‌ರೂಮಿಗೆ ನುಗ್ಗುತ್ತದೆ. ಬಾಲ್ಕನಿಯಲ್ಲಿ ಸೇದಿದ್ದರೆ ಅರ್ಧಕ್ಕರ್ಧ ಹೊಗೆ ಗಾಳಿಗೆ ಚದುರಿ ಹೋಗುತ್ತಿತ್ತೇನೋ. ಈಗ ಅದಕ್ಕೆ ಹೋಗಲು ಬೇರೆ ದಾರಿಯಿಲ್ಲ. ಇನ್ನು ಮಾವ ಹೊರಬಂದ ಹತ್ತು ನಿಮಿಷಕ್ಕೆ ಅದೇ ಬಾತ್‌ರೂಮಿಗೆ ಹೋಗುವವಳು ನಿಮ್ಮ ಮಗಳು. ಒದ್ದೆ ಟವೆಲ್, ಪ್ಲಾಸ್ಟಿಕ್ ಬಾಗಿಲು, ಗೋಡೆ, ಎಲ್ಲದಕ್ಕೂ ನಿಕೋಟಿನ್ ಅಂಟಿಕೊಳ್ಳುತ್ತದೆ. ವಾಸನೆ ಹೋದ ಮೇಲೂ ಅದು ಅಲ್ಲೇ ಇರುತ್ತದೆ.

ಅಂದರೆ ಯಾವ ಮಗುವಿಗಾಗಿ ನೋಟಿಸ್ ಅಂಟಿಸಿದರೋ, ಆ ಮಗುವಿಗೆ ಒಂದು ವಾರದಿಂದ ಜಾಸ್ತಿಯೇ ತೊಂದರೆ ಆಗುತ್ತಿರಬಹುದು. ಈ ಥರದ ಮನೆಗಳವರು ನನ್ನ ಓಪಿಡಿಗೆ ಆಗಾಗ ಬರುತ್ತಾರೆ. ನೋಟಿಸು ಮನುಷ್ಯನನ್ನು ಗುರಿಯಾಗಿಸುತ್ತದೆ. ಹೊಗೆ ಎಲ್ಲಿ ಹೋಗುತ್ತದೆ ಎಂದು ಯಾರೂ ಯೋಚಿಸಿರುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಹೌದು, ತೊಂದರೆ ಆಗುತ್ತದೆ. ಆದರೆ ಎಷ್ಟು ಅನ್ನುವುದು ದೂರ, ಗಾಳಿ ಮತ್ತು ಮಗುವಿನ ಶ್ವಾಸನಾಳದ ಮೇಲೆ ನಿಂತಿದೆ.

ಬೇರೆಯವರು ಸೇದಿದ ಹೊಗೆಯಲ್ಲಿ ಎರಡು ಪಾಲಿದೆ. ಒಂದು, ಸೇದಿದವರು ಬಾಯಿಂದ ಬಿಟ್ಟದ್ದು. ಇನ್ನೊಂದು, ತುದಿ ಸುಮ್ನೆ ಉರಿಯುತ್ತಿರುವಾಗ ಬರುವುದು. ಸಿಗರೇಟಿನಲ್ಲಿ ಈ ಎರಡನೆಯದೇ ಹೆಚ್ಚು. ಅದು ಕಡಿಮೆ ಶಾಖದಲ್ಲಿ ಅರೆಬರೆ ಸುಟ್ಟ ಹೊಗೆ, ಹಾಗಾಗಿ ವಿಷವೂ ಹೆಚ್ಚು. ಒಟ್ಟು ಸುಮಾರು 7000 ರಾಸಾಯನಿಕಗಳು, ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಸೇದುವವರ ಜೊತೆ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇರುವ, ತಾವು ಸೇದದ ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಶೇಕಡ 20ರಿಂದ 30ರಷ್ಟು ಹೆಚ್ಚು, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 1981ರಲ್ಲಿ ಜಪಾನಿನಲ್ಲಿ ಸೇದುವ ಗಂಡಂದಿರ ಹೆಂಡತಿಯರನ್ನು ನೋಡಿದಾಗಲೇ ಇದು ಕಂಡಿತ್ತು. ಆಮೇಲಿನ ಎಷ್ಟೋ ಅಧ್ಯಯನಗಳು ಅದನ್ನೇ ಹೇಳಿವೆ.

ಗಮನಿಸಿ, ನಾನು ಹೇಳಿದ್ದು ಒಂದೇ ಮನೆಯೊಳಗೆ ಇರುವವರ ಲೆಕ್ಕ. ಅದು ಮೇಲಿನ ಮನೆಗಿಂತ ಮೊದಲು ನಿಮ್ಮ ಮಗಳಿಗೆ ಅನ್ವಯಿಸುತ್ತದೆ. ತೆರೆದ ಗಾಳಿಯಲ್ಲಿ ಲೆಕ್ಕ ಬೇರೆ. ಸೇದುವವರ ಪಕ್ಕದಲ್ಲೇ, ಮೂರ್ನಾಲ್ಕು ಅಡಿಯೊಳಗೆ, ಹೊಗೆ ಮನೆಯೊಳಗಿದ್ದಷ್ಟೇ ದಟ್ಟ ಇರಬಹುದು. ದೂರ ಹೋದಂತೆ ಬೇಗ ಕಡಿಮೆಯಾಗುತ್ತದೆ, ಬೀಡಿ ಆರಿದ ಕೂಡಲೇ ಹೆಚ್ಚುಕಡಿಮೆ ಮಾಯ. ಮೇಲಿನ ಬಾಲ್ಕನಿಯಲ್ಲಿ ನಿಂತ ಆರೋಗ್ಯವಂತ ದೊಡ್ಡವರಿಗೆ ಆಗೀಗ ಒಂದು ಎಳೆ ವಾಸನೆ ಬಂದರೆ ಅದರಿಂದ ಕ್ಯಾನ್ಸರ್ ಬರುತ್ತದೆ ಎಂದು ನಾನು ಹೆದರಿಸುವುದಿಲ್ಲ. ಆಸ್ತಮಾ ಇರುವ ಮಗುವಿನ ಕಥೆ ಹಾಗಲ್ಲ. ಅದರ ಶ್ವಾಸನಾಳ ಮೊದಲೇ ಊದಿಕೊಂಡಿರುತ್ತದೆ. ಸ್ವಲ್ಪ ಕೆಣಕಿದರೂ ಬಿಗಿಯುತ್ತದೆ. ರಾತ್ರಿ ಕೆಮ್ಮು, ಬೆಳಗಿನ ಜಾವ ಗುಯ್ ಗುಯ್ ಸದ್ದು, ಇನ್ಹೇಲರ್, ಮಾರನೇ ದಿನ ಸ್ಕೂಲಿಗೆ ರಜೆ. ಆ ತಾಯಿ ಸುಮ್ನೆ ದೂರು ಕೊಟ್ಟಿರಲಾರರು.

ಮಾವನವರ ಒಗ್ಗರಣೆ ವಾದವನ್ನು ನಕ್ಕು ತಳ್ಳಿಹಾಕಬೇಡಿ. ಒಣಮೆಣಸಿನಕಾಯಿ ಘಾಟು ಆಸ್ತಮಾ ಕೆರಳಿಸುತ್ತದೆ, ನಿಜ. ಅದಕ್ಕಿಂತ ದೊಡ್ಡ ಸಂಗತಿ ಒಂದಿದೆ. ಒಂದು ಸೊಳ್ಳೆಬತ್ತಿಯ ಸುರುಳಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಕಣಗಳಿಗೆ ಸಮ ಎಂದು ಒಂದು ಅಧ್ಯಯನ ಲೆಕ್ಕ ಹಾಕಿದೆ. ಬಾಗಿಲು ಹಾಕಿದ ದೇವರ ಕೋಣೆಯ ಧೂಪ, ಊದುಬತ್ತಿಯೂ ಸಾಚಾ ಅಲ್ಲ. ಆಸ್ತಮಾ ಮಕ್ಕಳ ತಂದೆ-ತಾಯಿಗೆ ನಾನು ಮೊದಲು ಕೇಳುವ ಪ್ರಶ್ನೆಗಳೇ ಇವು. ಮೇಲಿನ ಮನೆಯವರೂ ಇದನ್ನು ನೋಡಿಕೊಳ್ಳಲಿ. ಆದರೆ ಅವರ ಮನೆಯ ಸೊಳ್ಳೆಬತ್ತಿ ನಿಮ್ಮ ಮನೆಯ ಬೀಡಿಗೆ ಕ್ಷಮೆ ಆಗುವುದಿಲ್ಲ. ಅವರ ಬತ್ತಿಯನ್ನು ಅವರು ಆರಿಸಬಹುದು. ನಿಮ್ಮ ಬೀಡಿಯನ್ನು ಆರಿಸಲು ಅವರ ಕೈಲಾಗುವುದಿಲ್ಲ ಅಲ್ವಾ?

ಇನ್ನೊಂದು ನಂಬಿಕೆ: ‘ಬೀಡಿ ಅಂದ್ರೆ ಎಲೆ, ಸಿಗರೇಟಿನಷ್ಟು ಕೆಟ್ಟದ್ದಲ್ಲ.’ ತಪ್ಪು. ಬೀಡಿ ಸುತ್ತುವ ತೂಪರೆ ಎಲೆಯಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಎಳೆಯದೆ ಬಿಟ್ಟರೆ ಬೀಡಿ ಆರಿಹೋಗುತ್ತದೆ. ಅದಕ್ಕೇ ಪದೇ ಪದೇ, ಜೋರಾಗಿ ದಮ್ಮು ಎಳೆಯಬೇಕು. ಬೀಡಿಯಲ್ಲಿ ತಂಬಾಕು ಕಡಿಮೆ ಇದ್ದರೂ ಎದೆಯೊಳಗೆ ಹೋಗುವ ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಜಾಸ್ತಿಯೇ. ‘ಏರ್ ಪ್ಯೂರಿಫೈಯರ್ ತಂದಿಟ್ಟರೆ ಸಾಕು’ ಅನ್ನುವವರೂ ಇದ್ದಾರೆ. ಅದು ಕಣಗಳನ್ನು ಒಂದಷ್ಟು ಹಿಡಿಯುತ್ತದೆ, ಅನಿಲಗಳನ್ನು ಅಲ್ಲ. ಕಿಟಕಿ ತೆರೆದು, ಫ್ಯಾನ್ ಹಾಕಿ ಒಳಗೆ ಸೇದುವುದೂ ಅಷ್ಟೇ, ವಾಸನೆ ತಗ್ಗುತ್ತದೆ, ಅಪಾಯ ಹೋಗುವುದಿಲ್ಲ.

ಇನ್ನು ಹಕ್ಕಿನ ಮಾತು. ನಾನು ವಕೀಲನಲ್ಲ. ಆದರೆ ಈ ಕಾನೂನು ಹುಟ್ಟಿದ್ದು ವೈದ್ಯರ ವಾದಗಳಿಂದಲೇ ಆದ್ದರಿಂದ ಅದರ ಜಾಡು ಗೊತ್ತು.

ಸಾರ್ವಜನಿಕ ಜಾಗದಲ್ಲಿ ಸೇದುವುದು ಬೇರೆಯವರ ಬದುಕುವ ಹಕ್ಕಿಗೆ ಧಕ್ಕೆ ಎಂದು ಕೇರಳ ಹೈಕೋರ್ಟ್ 1999ರಲ್ಲೇ ಹೇಳಿತ್ತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದೇ ದಾರಿ ಹಿಡಿಯಿತು. 2003ರಲ್ಲಿ ಸಂಸತ್ತು ಕಾಯ್ದೆ ಮಾಡಿತು, 2008ರ ಅಕ್ಟೋಬರ್ 2ರಿಂದ ಬಿಗಿಯಾದ ನಿಯಮಗಳು ಬಂದವು. ಹೋಟೆಲು, ಬಾರು, ಆಫೀಸು, ಥಿಯೇಟರು, ಬಸ್‌ಸ್ಟಾಪು, ಎಲ್ಲವೂ ಅದರೊಳಗೆ ಬಂದವು. ಕರ್ನಾಟಕ 2024ರಲ್ಲಿ ತನ್ನದೇ ತಿದ್ದುಪಡಿ ತಂದಿತು, 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ದಂಡ 200 ರೂಪಾಯಿಯಿಂದ 1000ಕ್ಕೆ ಏರಿತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21 ಆಯಿತು. ಹುಕ್ಕಾ ಬಾರುಗಳಿಗೆ ಬೀಗ ಬಿತ್ತು.

ಇಷ್ಟೆಲ್ಲ ಇದ್ದರೂ ಈ ಕಾನೂನು ಯಾರಿಗೂ ‘ಸೇದಬೇಡ’ ಅನ್ನುವುದಿಲ್ಲ. ‘ಇಲ್ಲಿ ಬೇಡ’ ಅನ್ನುತ್ತದೆ. ಐರ್ಲೆಂಡ್ 2004ರಲ್ಲಿ ದೇಶದ ಎಲ್ಲ ಪಬ್ಬುಗಳಲ್ಲಿ ಧೂಮಪಾನ ನಿಲ್ಲಿಸಿದಾಗ ಕೊಟ್ಟ ಕಾರಣವೂ ಇದೇ. ಗಿರಾಕಿ ಬೇಕಾದರೆ ಎದ್ದು ಹೋಗಬಹುದು, ಅಲ್ಲಿ ಎಂಟು ಗಂಟೆ ಕೆಲಸ ಮಾಡುವ ಸಪ್ಲೈಯರ್ ಎಲ್ಲಿಗೆ ಹೋಗಬೇಕು? ಸ್ಕಾಟ್ಲೆಂಡ್ 2006ರಲ್ಲಿ ಅದೇ ಮಾಡಿತು. ಒಂದು ವರ್ಷದೊಳಗೆ ಹೃದಯಾಘಾತದಂಥ ತೊಂದರೆಗೆ ಆಸ್ಪತ್ರೆ ಸೇರುವವರು ಶೇಕಡ 17ರಷ್ಟು ಕಡಿಮೆಯಾದರು. ಹಾಗೆ ಆಸ್ಪತ್ರೆ ಸೇರುವುದು ತಪ್ಪಿದವರಲ್ಲಿ ಮೂರರಲ್ಲಿ ಎರಡು ಪಾಲು ತಾವು ಸೇದದ ಜನ. ‘ಹೊರಗೆ ಬಿಡದಿದ್ದರೆ ಮನೆಗೆ ಬಂದು ಮಕ್ಕಳ ಮುಂದೆ ಸೇದುತ್ತಾರೆ’ ಎಂಬ ಹೆದರಿಕೆ ಆಗಲೂ ಇತ್ತು. ಅಲ್ಲಿ ಮಕ್ಕಳನ್ನು ಪರೀಕ್ಷಿಸಿ ನೋಡಿದರೆ ಅವರ ಮೈಯಲ್ಲಿನ ನಿಕೋಟಿನ್ ಗುರುತು ಏರಿರಲಿಲ್ಲ, ಇಳಿದಿತ್ತು.

ನಿಮ್ಮ ಮನೆ ಬಾಗಿಲ ಹತ್ತಿರ ಬಂದಾಗ ಈ ತರ್ಕ ತೊಡಕಾಗುತ್ತದೆ. ಲಿಫ್ಟು, ಮೆಟ್ಟಿಲು, ಲಾಬಿ, ಬೇಸ್‌ಮೆಂಟು, ಕ್ಲಬ್‌ಹೌಸು, ಇವು ಎಲ್ಲರ ಜಾಗ. ಇಲ್ಲಿ ಬೇಡ ಅನ್ನುವ ಸಂಘದ ಮಾತು ಸರಿ. ಅಲ್ಲಿ ಕೆಲಸ ಮಾಡುವ ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಜನರ ಶ್ವಾಸಕೋಶವೂ ಶ್ವಾಸಕೋಶವೇ. ನಿಮ್ಮ ಬಾಲ್ಕನಿ ಸಾರ್ವಜನಿಕ ಜಾಗ ಅಲ್ಲ. ಕಾಯ್ದೆಯ ದಂಡ ಅಲ್ಲಿಗೆ ಬರುವುದಿಲ್ಲ. ಆ ದಂಡ ಹಾಕುವವರೂ ಸರ್ಕಾರ ಅಧಿಕಾರ ಕೊಟ್ಟವರು, ಸಂಘದ ಕಾರ್ಯದರ್ಶಿ ಅಲ್ಲ. 5000 ರೂಪಾಯಿ ಎಲ್ಲಿಂದ ಬಂತು, ಬೈಲಾದಲ್ಲಿ ಇದೆಯಾ, ಸರ್ವಸದಸ್ಯರ ಸಭೆ ಒಪ್ಪಿದೆಯಾ ಎಂದು ಬರೆದು ಕೇಳಿ. ಕೇಳುವುದು ಜಗಳ ಅಲ್ಲ.

ಸಿಂಗಪುರದಷ್ಟು ಶಿಸ್ತಿನ ಊರಿನಲ್ಲೂ ಸರ್ಕಾರಿ ಫ್ಲ್ಯಾಟುಗಳ ಕಾರಿಡಾರು, ಮೆಟ್ಟಿಲಲ್ಲಿ ಸೇದುವಂತಿಲ್ಲ. ಬಾಲ್ಕನಿ, ಕಿಟಕಿ ಹತ್ತಿರವೂ ಬೇಡ ಎಂಬ ಬೇಡಿಕೆ ಅಲ್ಲಿನ ಸಂಸತ್ತಿಗೇ ಬಂತು. ಮನೆಯೊಳಗೆ ಇಣುಕಿ ನೋಡಬೇಕಾಗುತ್ತದೆ ಎಂದು ಸರ್ಕಾರ ಹಿಂದೆ ಸರಿಯಿತು. ಅಮೆರಿಕ 2018ರಲ್ಲಿ ಸರ್ಕಾರಿ ವಸತಿಗಳ ಮನೆಯೊಳಗೂ ನಿಷೇಧ ತಂದಿತು. ಅಲ್ಲಿ ಮನೆಯ ಮಾಲೀಕ ಸರ್ಕಾರವೇ. ನಿಯಮದ ಬಿಸಿ ತಟ್ಟಿದ್ದು ಬಡವರಿಗೆ, ವಯಸ್ಸಾದವರಿಗೆ. ಬಂಗಲೆಯಲ್ಲಿ ಸೇದುವವರನ್ನು ಯಾರೂ ಕೇಳಲಿಲ್ಲ. ನಿಷೇಧಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಇದು. ನಮ್ಮಲ್ಲೂ ಹಾಗೇ. ಗೇಟಿನ ಹತ್ತಿರ ಬೀಡಿ ಹಚ್ಚಿದ ವಾಚ್‌ಮನ್‌ಗೆ ಮೆಮೊ, ನಾಲ್ಕನೇ ಬ್ಲಾಕಿನ ಡೈರೆಕ್ಟರ್ ಸಾಹೇಬರ ಸಿಗಾರಿಗೆ ಯಾರೂ ಮಾತಾಡುವುದಿಲ್ಲ.

ಪೂರ್ತಿ ನಿಷೇಧವೇ ಮಾಡಿದರೆ? ಭೂತಾನ್ 2004ರಲ್ಲಿ ತಂಬಾಕು ಮಾರಾಟವನ್ನೇ ನಿಲ್ಲಿಸಿ ನೋಡಿತು. ಗಡಿ ದಾಟಿ ಕಳ್ಳಮಾಲು ಬರುವುದು ನಿಲ್ಲಲಿಲ್ಲ. 2021ರಲ್ಲಿ ನಿಷೇಧ ತೆಗೆಯಿತು. ನಮ್ಮದೇ ಉದಾಹರಣೆ ಬೇಕೆಂದರೆ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ನೇತುಹಾಕಿದರು. ಕೊಂಡವರು ಕೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಂಡರು.

ಮಾವನವರ ಎರಡನೇ ಮಾತು, ಸರ್ಕಾರವೇ ಹರಾಜು ಹಾಕಿಸಿತು ಅನ್ನುವುದು. ಅದಕ್ಕೆ ನನ್ನ ಹತ್ತಿರ ಪ್ರತಿವಾದ ಇಲ್ಲ. ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಸೊಪ್ಪು ಟೊಬ್ಯಾಕೊ ಬೋರ್ಡಿನ ಹರಾಜು ಕಟ್ಟೆಯಲ್ಲೇ ಮಾರಾಟವಾಗುವುದು. ಆ ಬೋರ್ಡನ್ನು 1976ರಲ್ಲಿ ಕಟ್ಟಿದ್ದು ಕೇಂದ್ರ ಸರ್ಕಾರ. ಒಂದು ಕೈಯಲ್ಲಿ ಬೆಳೆಗೆ ಲೈಸೆನ್ಸ್, ಇನ್ನೊಂದು ಕೈಯಲ್ಲಿ ಪೊಟ್ಟಣದ ಮೇಲೆ ಕ್ಯಾನ್ಸರ್ ಚಿತ್ರ. ಅವರ ಸಿಟ್ಟು ನ್ಯಾಯವಾದದ್ದು. (ಅಂದಹಾಗೆ ಅವರು ಬೆಳೆದ ಸೊಪ್ಪು ಸಿಗರೇಟಿಗೆ ಹೋಗುವಂಥದ್ದು. ಬೀಡಿ ಸೊಪ್ಪು ನಿಪ್ಪಾಣಿ ಕಡೆಯದು. ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.) ಆದರೆ ಸರ್ಕಾರದ ಇಬ್ಬಂದಿತನಕ್ಕೆ ಮೇಲಿನ ಮನೆಯ ಮಗು ಬೆಲೆ ಕೊಡಬೇಕಾಗಿಲ್ಲ.

ಹಾಗಾದರೆ ಏನು ಮಾಡಬಹುದು?

ಸಂಘದ ನೋಟಿಸನ್ನು ಹಾಗೇ ಒಪ್ಪಿಕೊಳ್ಳುವುದು ಒಂದು ದಾರಿ. ಹೊರಗಿಂದ ನೋಡಲು ಸುಲಭ. ಅದರ ಫಲ ಈಗಾಗಲೇ ನಿಮ್ಮ ಬಾತ್‌ರೂಮಿನಲ್ಲಿದೆ. ನಾಳೆ ಬೀಡಿ ಬಿಟ್ಟೆ ಎಂದು ಹೇಳಿ ಕಡ್ಡಿಪುಡಿ ಹಾಕಲು ಶುರು ಮಾಡಬಹುದು. ಇದು ಸುಮ್ನೆ ಊಹೆ ಅಲ್ಲ. ನಮ್ಮ ರಾಜ್ಯದಲ್ಲಿ ಸೇದುವವರಿಗಿಂತ ಜಗಿಯುವವರು ಹೆಚ್ಚುಕಡಿಮೆ ಎರಡು ಪಟ್ಟು. ಹೊಗೆ ಇಲ್ಲ, ಪಕ್ಕದವರಿಗೆ ತೊಂದರೆ ಇಲ್ಲ, ಯಾರೂ ಕೇಳುವುದಿಲ್ಲ. ಬಾಯಿ ಕ್ಯಾನ್ಸರ್ ಮಾತ್ರ ಬರುತ್ತದೆ.

ಎರಡನೆಯದು, ಹೊರಗೆ ಒಂದು ಜಾಗ. ಸಭೆಯಲ್ಲಿ ನೀವು ಇದನ್ನೇ ಕೇಳಿ ಅನ್ನುತ್ತೇನೆ. ಕಾಂಪೌಂಡಿನಲ್ಲಿ ತೆರೆದ ಮೂಲೆ, ಮಕ್ಕಳ ಆಟದ ಜಾಗದಿಂದ ದೂರ, ಕೆಳಮನೆಗಳ ಕಿಟಕಿಯಿಂದ ಇಪ್ಪತ್ತೈದು-ಮೂವತ್ತು ಅಡಿ ಆಚೆ. ಒಂದು ಕಲ್ಲುಬೆಂಚು, ಮರಳು ತುಂಬಿದ ಒಂದು ಡಬ್ಬ. ಬೇಸ್‌ಮೆಂಟ್ ಬೇಡ, ಮುಚ್ಚಿದ ಜಾಗ. ಟೆರೇಸ್ ಆಗಬಹುದು, ಆದರೆ 72 ವರ್ಷದವರು ರಾತ್ರಿ ಒಬ್ಬರೇ ಹತ್ತುವುದು ನನಗೆ ಇಷ್ಟ ಇಲ್ಲ. ಇದರಲ್ಲೂ ತೊಂದರೆಯಿದೆ. ಮಳೆಗಾಲದಲ್ಲಿ, ನಡುರಾತ್ರಿಯಲ್ಲಿ ಅವರು ಇಳಿದು ಹೋಗುವುದಿಲ್ಲ. ಆಗ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾರೆ. ಒಂದು ಲಾಭವೂ ಉಂಟು. ಪ್ರತಿ ಬೀಡಿಗೂ ಲಿಫ್ಟಿನಲ್ಲಿ ಇಳಿದು ಹತ್ತಬೇಕಾದರೆ ಹತ್ತು ಇದ್ದದ್ದು ತಾನಾಗಿ ಐದಾರಕ್ಕೆ ಬರುವುದನ್ನು ನೋಡಿದ್ದೇನೆ.

ಮೂರನೆಯದು, ಸಂಘವನ್ನು ಬಿಟ್ಟು ನೀವೇ ಮೇಲಿನ ಮನೆಗೆ ಹೋಗುವುದು. ಮಗುವಿಗೆ ಯಾವಾಗ ಕೆಮ್ಮು ಜಾಸ್ತಿ, ಅದು ಮಲಗುವ ಕೋಣೆ ಯಾವುದು, ಕೇಳಿ. ಆ ಕಿಟಕಿ ನಿಮ್ಮ ಬಾಲ್ಕನಿಯ ಮೇಲೇ ಇದ್ದರೆ ಮಾವ ಇನ್ನೊಂದು ತುದಿಗೆ ಕೂರಬಹುದು. ಸಂಜೆ ಏಳರಿಂದ ಬೆಳಗ್ಗೆ ಏಳರವರೆಗೆ ಬಾಲ್ಕನಿಯಲ್ಲಿ ಸೇದುವುದಿಲ್ಲ ಎಂದು ಮಾತು ಕೊಡಬಹುದು. ಇದು ಪೂರ್ತಿ ರಕ್ಷಣೆ ಅಲ್ಲ, ಮಗುವಿಗೆ ಆಮೇಲೂ ಕೆಮ್ಮು ಬಂದರೆ ಈ ಒಪ್ಪಂದ ಸಾಲದು ಎಂದು ನೀವೇ ಒಪ್ಪಬೇಕಾಗುತ್ತದೆ. ಆದರೂ ಮಾವನನ್ನು ಕರೆದುಕೊಂಡೇ ಹೋಗಿ. ಲಿಫ್ಟಿನಲ್ಲಿ ಅಂಟಿಸಿದ ಕಾಗದಕ್ಕೆ ಬಗ್ಗದವರು, ಇನ್ಹೇಲರ್ ಹಿಡಿದ ಮಗುವನ್ನು ನೋಡಿದ ಮೇಲೆ ತಾವೇ ಎದ್ದು ಹೊರಗೆ ಹೋಗುವುದು ಎಷ್ಟೋ ಮನೆಗಳಲ್ಲಿ ಆಗಿದೆ.

ಕೊನೆಯದು, ಬಿಡುವುದು. ‘ಐವತ್ತು ವರ್ಷದ ಚಟ, ಈ ವಯಸ್ಸಲ್ಲಿ ಬಿಟ್ಟರೆ ಮೈಗೆ ಆಗಲ್ಲ’ ಅನ್ನುವುದು ಸುಳ್ಳು. ಎಪ್ಪತ್ತರ ಮೇಲೆ ಬಿಟ್ಟವರಿಗೂ ಲಾಭವಿದೆ. ಸ್ವಾತಂತ್ರ್ಯದ ಮಾತು ಬಂದಾಗ ಇದನ್ನೂ ನೆನಪಿಡಿ: 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಡುವ ಯೋಚನೆಯಲ್ಲಿದ್ದೇವೆ ಅಂದಿದ್ದರು. ಬೇಡ ಅನ್ನಿಸಿದರೂ ಕೈ ಬೀಡಿಕಟ್ಟಿಗೆ ಹೋಗುತ್ತದೆ, ನಿಕೋಟಿನ್ ಮಾಡುವ ಕೆಲಸ ಅದು. ಹಾಗಂತ ‘ನೀವು ಚಟಕ್ಕೆ ದಾಸರು, ನಿಮ್ಮ ಮಾತಿಗೆ ಬೆಲೆ ಇಲ್ಲ’ ಎಂದು ಅವರಿಗೆ ಹೇಳಿದರೆ ಮುಗಿಯಿತು, ನಿಮ್ಮ ಹತ್ತಿರ ಮತ್ತೆ ಬಾಯಿ ಬಿಡುವುದಿಲ್ಲ. ಹೆಂಡತಿ ಹೋದ ಮೇಲೆ, ಊರು ಬಿಟ್ಟ ಮೇಲೆ ದಿನದಲ್ಲಿ ಅವರದೇ ಅಂತ ಉಳಿದಿರುವುದು ಬಹುಶಃ ಆ ಎಂಟು-ಹತ್ತು ಬಿಡುವುಗಳೇ ಇರಬಹುದು.

ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೇ ಬೇಕು ಅಂದರೆ ಹಿಡಿತ ಗಟ್ಟಿ ಇದೆ ಎಂದರ್ಥ. ಬರೀ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು, ಔಷಧ ಬೇಕಾಗುತ್ತದೆ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂನಲ್ಲಿ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್ ಥರ ಜಗಿಯಬಾರದು, ಎಲ್ಲರೂ ಎಡವುವುದು ಇಲ್ಲೇ. ನಾಲಿಗೆ ಚುರುಗುಟ್ಟುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಎರಡು ಸಲ ಅಗಿಯಬೇಕು. ಅದಕ್ಕೂ ಮೊದಲು ಕಾಲು ಗಂಟೆ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹತ್ತುವುದಿಲ್ಲ. ಹಲ್ಲುಸೆಟ್ ಇದ್ದರೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ವಾಸಿ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಎದೆ ಬಡಿತ ಏರುಪೇರಿದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಬುಪ್ರೊಪಿಯಾನ್, ವ್ಯಾರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ. ಮೊದಲನೆಯದು ಫಿಟ್ಸ್ ಇದ್ದವರಿಗೆ ಆಗುವುದಿಲ್ಲ, ಎರಡನೆಯದು ಕೆಲವರಿಗೆ ವಾಕರಿಕೆ, ವಿಚಿತ್ರ ಕನಸು ತರುತ್ತದೆ. ಬಿಟ್ಟ ಮೊದಲ ಮೂರು ದಿನ ಬಹಳ ಕಷ್ಟ, ಎರಡು ವಾರದ ಮೇಲೆ ಹದಕ್ಕೆ ಬರುತ್ತದೆ. ಆ ದಿನಗಳಲ್ಲಿ ರೇಗುತ್ತಾರೆ, ನಿದ್ದೆ ಬರುವುದಿಲ್ಲ, ಮಲಬದ್ಧತೆ ಆಗುತ್ತದೆ. ಮೊಮ್ಮಗಳ ಮೇಲೆ ಕೂಗಾಡಿದರೆ ಬೀಡಿ ಬಿಟ್ಟದ್ದರಿಂದ ಎಂದು ತಿಳಿಯಿರಿ. ಇ-ಸಿಗರೇಟ್ ತಂದುಕೊಡುವ ಆಲೋಚನೆ ಬೇಡ, 2019ರಿಂದ ನಮ್ಮ ದೇಶದಲ್ಲಿ ಅದರ ಮಾರಾಟ ನಿಷೇಧ.

ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್ ನಂಬರ್ 1800-112-356. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಮಾವನವರೇ ಫೋನ್ ಮಾಡಬೇಕು, ಅವರ ಪರವಾಗಿ ನೀವಲ್ಲ.

ಯಾರ ಕಡೆ ನಿಲ್ಲಲಿ ಅಂದಿರಿ. ಹೊಗೆಯ ವಿಷಯದಲ್ಲಿ ಮಗುವಿನ ಕಡೆ, 5000 ರೂಪಾಯಿ ವಿಷಯದಲ್ಲಿ ಮಾವನ ಕಡೆ. ಎರಡೂ ಒಟ್ಟಿಗೆ ಆಗುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿಗೆ ವರ್ಷಗಟ್ಟಲೆ ಸೌದೆ ಉರಿ ಹಾಕಿದವರ ಎದೆಗೆ ಬೀಡಿಯ ಹೊಗೆಯ ಜೊತೆ ಸೌದೆ ಹೊಗೆಯೂ ಸೇರಿರುತ್ತದೆ. ಮಾವನಿಗೆ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದಾ? ಬೆಳಗ್ಗೆ ಕಫ ಬರುತ್ತದಾ? ಹಾಗಿದ್ದರೆ ಒಂದು ಸ್ಪೈರೋಮೆಟ್ರಿ ಮಾಡಿಸಿ, ಕೊಳವೆಗೆ ಜೋರಾಗಿ ಊದುವ ಪರೀಕ್ಷೆ, ಅರ್ಧ ಗಂಟೆಯ ಕೆಲಸ. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ದನಿ ಒಡೆಯುವುದು, ಇವುಗಳಲ್ಲಿ ಯಾವುದು ಇದ್ದರೂ ಸಂಘದ ಸಭೆಗೆ ಕಾಯಬೇಡಿ, ಈ ವಾರವೇ ತೋರಿಸಿ.